ಹತ್ತಿಕಾಳನ್ನು ಈಗ ಕೇರುವವರು ಯಾರು?

ಕುಷ್ಟಗಿ, ಯಲಬುರ್ಗಾ ಕಡೆ ಸೀಡ್ಸ್ ಹತ್ತಿ ಹಾಕಿದ ಮನೆಗಳಲ್ಲಿ ಸುಗ್ಗಿ ಮುಗಿದರೂ ಒಂದು ಪ್ರಶ್ನೆ ಮುಗಿಯುವುದಿಲ್ಲ. ಹತ್ತಿ ಬಿಡಿಸಿ ಆಗಿರುತ್ತದೆ, ಜಿನ್ ಮಾಡಿಸಿ ಆಗಿರುತ್ತದೆ, ಕಾಳಿನ ಚೀಲ ಲಾರಿ ಏರಿ ಹೋಗಿರುತ್ತದೆ. ಆದರೂ ಚಹಾದಂಗಡಿಯಲ್ಲಿ ಒಬ್ಬರನ್ನೊಬ್ಬರು ಕೇಳುವುದು ಇದೇ: "ನಿಮ್ದು ಪಾಸ್ ಆತೇನ್ರಿ?"

ಪಾಸು, ಫೇಲು ಅಂದರೆ ಇಲ್ಲಿ ಮಕ್ಕಳ ಪರೀಕ್ಷೆಯಲ್ಲ, ಕಾಳಿನ ಪರೀಕ್ಷೆ. ರೈತ ಕಳಿಸಿದ ಕಾಳನ್ನು ಕಂಪನಿಯವರು ಸ್ವಚ್ಛ ಮಾಡುತ್ತಾರೆ, ಯಂತ್ರದಲ್ಲಿ ಹಾಯಿಸಿ ಜೊಳ್ಳು ಬೇರೆ ಮಾಡುತ್ತಾರೆ, ಮೊಳಕೆ ನೋಡುತ್ತಾರೆ, ಗಿಡ ಬೆಳೆಸಿ ತಳಿ ನೋಡುತ್ತಾರೆ. ಇಷ್ಟೆಲ್ಲ ದಾಟಿದ ಕಾಳಿಗೆ ಮಾತ್ರ ದುಡ್ಡು. ಉಳಿದದ್ದು "ರಿಜೆಕ್ಟ್".

ನಾವು ಮಾತಾಡಿಸಿದ ಕುಷ್ಟಗಿ ತಾಲ್ಲೂಕಿನ ಹಿರಿಯ ಬೆಳೆಗಾರರೊಬ್ಬರು ಒಂದು ಮಾತು ಹೇಳಿದರು. "ನಮ್ಮವ್ವ ಮರದಾಗ ಕೇರ್ತಿದ್ಲು. ಜೊಳ್ಳು ಎಷ್ಟು ಬಂತು ಅಂತ ಕಣ್ಣಿಗೆ ಕಾಣ್ತಿತ್ತು. ಈಗ ಮಷೀನು ಕೇರತೈತಿ, ಜೊಳ್ಳು ಎಷ್ಟು ಅಂತ ಚೀಟಿ ಬರತೈತಿ." ಅವರಿಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ಯಂತ್ರ ತಮ್ಮ ಕಣ್ಣ ಮುಂದಿಲ್ಲ ಅನ್ನುವುದೇ ಅವರ ತಕರಾರು. ಆ ತಕರಾರಿನ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕಿದ್ದು ಸುಮಾರು 180 ವರ್ಷದ ಕಥೆ.

ಮೊದಲು ಮನೆಯಿಂದಲೇ ಶುರು ಮಾಡೋಣ. ಕಾಳು ಹಸನು ಮಾಡಲು ನಮ್ಮ ಹೆಣ್ಣುಮಕ್ಕಳಿಗೆ ಮೂರು ಕೆಲಸ ಗೊತ್ತು: ತೂರುವುದು, ಸಾಣಿಸುವುದು, ಕೇರುವುದು. ಗಾಳಿಗೆ ಹಿಡಿದು ತೂರಿದರೆ ಹೊಟ್ಟು ಹಾರಿ ಹೋಗುತ್ತದೆ. ಸಾಣಿಗೆ ಹಿಡಿದರೆ ಕಲ್ಲು ಕಡ್ಡಿ ಮೇಲುಳಿದು ಪುಡಿ ಕೆಳಗೆ ಬೀಳುತ್ತದೆ. ಮೊರದಲ್ಲಿ ಕೇರಿದರೆ ಒಂದೇ ಗಾತ್ರದ ಕಾಳಿನಲ್ಲೂ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರೆಯಾಗುತ್ತದೆ. ಜೊಳ್ಳು ಮೊರದ ಮುಂದಿನ ಅಂಚಿಗೆ ಜಾರುತ್ತದೆ, ಗಟ್ಟಿ ಕಾಳು ಕೇರುವವಳ ಕೈಯ ಕಡೆ ಹಿಂದೆ ನಿಲ್ಲುತ್ತದೆ. ಈ ಮೂರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇವತ್ತಿನ ದೊಡ್ಡ ಸಂಸ್ಕರಣಾ ಘಟಕದಲ್ಲಿ ನಡೆಯುವುದು ಇವೇ ಮೂರು ಕೆಲಸ.

ಆದರೆ ಹತ್ತಿಕಾಳು ಜೋಳದಂತೆ, ಕಡಲೆಯಂತೆ ಸುಮ್ಮನೆ ಮೊರಕ್ಕೆ ಬರುವ ಕಾಳಲ್ಲ. ಅರಳೆ ತೆಗೆದ ಮೇಲೂ ಅದರ ಮೈಮೇಲೆ ಸಣ್ಣ ನವಿರು ಉಳಿಯುತ್ತದೆ. ಆ ನವಿರಿನಿಂದ ಕಾಳಿಗೆ ಕಾಳು ಅಂಟಿ ಗಂಟಾಗುತ್ತದೆ. ಗಂಟಾದ ಕಾಳು ಕೂರಿಗೆ ಬಟ್ಟಲಿನಿಂದ ಒಂದೊಂದಾಗಿ ಇಳಿಯುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಬಿತ್ತುವ ಮುಂಚೆ ಹತ್ತಿಕಾಳಿಗೆ ಸಗಣಿ, ಮಣ್ಣಿನ ರಾಡಿ ಹಚ್ಚಿ ತಿಕ್ಕುತ್ತಿದ್ದರು. ರಾಡಿ ಒಣಗಿದಾಗ ನವಿರು ಮೈಗೆ ಮೆತ್ತಿಕೊಂಡು ಕಾಳು ಬಿಡಿಬಿಡಿಯಾಗುತ್ತಿತ್ತು. ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ, ಅನೇಕರಿಗೆ ಆ ವಾಸನೆ ಇನ್ನೂ ನೆನಪಿದೆ.

ಅರಳೆಯಿಂದ ಕಾಳು ಬೇರೆ ಮಾಡುವುದು ಇನ್ನೂ ಹಿಂದಿನ ಹಂತ. ಅದಕ್ಕೆ ಎರಡು ಸಲಕರಣೆ ಇದ್ದವು. ಒಂದು, ಎರಡು ರೂಲು ಒಂದಕ್ಕೊಂದು ಒತ್ತಿಕೊಂಡು ತಿರುಗುವ ಕೈ ರಾಟೆ. ರೂಲುಗಳ ನಡುವೆ ಅರಳೆ ತೂರಿ ಆಚೆ ಹೋಗುತ್ತದೆ, ಕಾಳು ದಪ್ಪವಾದ್ದರಿಂದ ಈಚೆ ಬೀಳುತ್ತದೆ. ಇನ್ನೊಂದು ಧಾರವಾಡ ಸೀಮೆಯಲ್ಲಿ ಬಹಳ ಬಳಕೆಯಲ್ಲಿದ್ದದ್ದು. ಒಂದು ಚಪ್ಪಟೆ ಕಲ್ಲು, ಅದರ ಮೇಲೊಂದು ಕಬ್ಬಿಣದ ಸರಳು. ಹೆಣ್ಣುಮಗಳು ತಗ್ಗು ಮಣೆಯ ಮೇಲೆ ಕೂತು, ಅಂಗಾಲಿನಿಂದ ಸರಳನ್ನು ಉರುಳಿಸುತ್ತ, ಕೈಯಿಂದ ಹತ್ತಿ ಕೊಡುತ್ತ ಹೋಗುತ್ತಿದ್ದಳು. ದಿನವಿಡೀ ಕೂತರೂ ಸಿಗುತ್ತಿದ್ದ ಅರಳೆ ಸ್ವಲ್ಪವೇ. ಆದರೆ ಎಳೆ ಹರಿಯುತ್ತಿರಲಿಲ್ಲ, ಕಾಳು ಒಡೆಯುತ್ತಿರಲಿಲ್ಲ. ಬಿತ್ತನೆಗೆ ಬೇಕಾದ ಕಾಳು ಅವಳ ಕಾಲ ಬುಡದಲ್ಲೇ, ಅವಳ ಮನೆಯಲ್ಲೇ ಉಳಿಯುತ್ತಿತ್ತು.

ಈ ಚಿತ್ರ ಬದಲಾಗಲು ಶುರುವಾದದ್ದು 1840ರಲ್ಲಿ. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಉದ್ದೆಳೆ ಹತ್ತಿ ಬೇಕಿತ್ತು. ಅದನ್ನು ಭಾರತದಲ್ಲೇ ಬೆಳೆಸಬೇಕೆಂದು ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ 10 ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತು. ಅವರ ಜೊತೆ ಬೀಜವೂ ಬಂತು, ಗರಗಸದ ಜಿನ್ನೂ ಬಂತು. ಅವರಲ್ಲಿ ಮರ್ಸರ್ ಎಂಬವರು ಧಾರವಾಡ ಸೀಮೆಗೆ ಬಂದರು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಧಾರವಾಡದ ಕಲೆಕ್ಟರ್ ಆಗಿದ್ದ ಎ. ಎನ್. ಶಾ ಆ ಬೀಜವನ್ನು ರೈತರಿಗೆ ಹಂಚಲು ಬಹಳ ಓಡಾಡಿದರು. ದೇಶದ ಬೇರೆ ಹಲವು ಕಡೆ ಮಣ್ಣುಪಾಲಾದ ಆ ಪ್ರಯೋಗ ನಮ್ಮ ಎರೆ ಭೂಮಿಯಲ್ಲಿ ಬೇರು ಬಿಟ್ಟಿತು. "ಧಾರವಾಡ ಅಮೆರಿಕನ್" ಎಂಬ ಹೆಸರು ಲಿವರ್‌ಪೂಲ್ ಪೇಟೆಯವರೆಗೆ ಹೋಯಿತು.

ಇಲ್ಲಿ ಕೊಪ್ಪಳದವರು ಒಂದು ವಿಷಯ ಗಮನಿಸಬೇಕು. ಆಗ ನಾವು ಧಾರವಾಡದ ಪಕ್ಕದಲ್ಲಿದ್ದೂ ಬೇರೆ ರಾಜ್ಯದಲ್ಲಿದ್ದೆವು. ಗದಗ, ರೋಣ ಬ್ರಿಟಿಷರದು. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಹೈದರಾಬಾದ್ ನಿಜಾಮನದು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಕಾಗದದ ಮೇಲೆ ಗಡಿ ಇತ್ತು, ಎರೆ ಮಣ್ಣಿಗೆ ಗಡಿ ಇರಲಿಲ್ಲ. ಯಲಬುರ್ಗಾ, ಕುಕನೂರಿನ ಕರಿ ಹೊಲ ಮತ್ತು ಗದಗಿನ ಕರಿ ಹೊಲ ಒಂದೇ ಹಾಸು. 1880ರ ದಶಕದಲ್ಲಿ ಗದಗಿನಿಂದ ಹೊಸಪೇಟೆ ಕಡೆಗೆ ಕೊಪ್ಪಳದ ಮೇಲೆ ರೈಲು ಬಂದ ಮೇಲಂತೂ ಗದಗ, ಹುಬ್ಬಳ್ಳಿಯ ಹತ್ತಿ ಪೇಟೆ ನಮಗೆ ಇನ್ನಷ್ಟು ಹತ್ತಿರವಾಯಿತು. ಆದ್ದರಿಂದ ಧಾರವಾಡದ ಜಿನ್ನಿನ ಕಥೆಯನ್ನು ನಮ್ಮದೂ ಎಂದೇ ಹೇಳುತ್ತಿದ್ದೇವೆ.

ಗರಗಸದ ಜಿನ್ ಅಮೆರಿಕದ ಎಲಿ ವಿಟ್ನಿಯದು. 1794ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಲ್ಲುಳ್ಳ ದುಂಡನೆಯ ತಗಡುಗಳು ಸಾಲಾಗಿ ತಿರುಗುತ್ತವೆ. ಅವು ಕಬ್ಬಿಣದ ಕಂಬಿಗಳ ಸಂದಿಯಲ್ಲಿ ಹಾದು ಹೋಗುತ್ತವೆ. ಹಲ್ಲು ಅರಳೆಯನ್ನು ಕಿತ್ತುಕೊಂಡು ಸಂದಿಯಿಂದ ಆಚೆ ಎಳೆಯುತ್ತದೆ, ಸಂದಿ ಸಣ್ಣದಾದ್ದರಿಂದ ಕಾಳು ಈಚೆ ಉಳಿಯುತ್ತದೆ. ಕೆಲಸ ಬಹಳ ಚುರುಕು. ಆದರೆ ಅದು ಎಲ್ಲ ಹತ್ತಿಗೂ ಹೊಂದಲಿಲ್ಲ. ಅಮೆರಿಕನ್ ಹತ್ತಿಯ ಎಳೆ ಕಾಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಕೈ ರಾಟೆಗೆ, ಕಾಲ ಸರಳಿಗೆ ಸುಲಭವಾಗಿ ಬಿಡುವುದಿಲ್ಲ. ಅದಕ್ಕೆ ಗರಗಸವೇ ಬೇಕು. ನಮ್ಮ ನಾಡ ಹತ್ತಿಯನ್ನು ಕುಮಟಾ ಬಂದರಿನಿಂದ ಸಾಗಿಸುತ್ತಿದ್ದರು, ಅದಕ್ಕೇ ಪೇಟೆಯಲ್ಲಿ ಅದರ ಹೆಸರು "ಕುಮಟಾ". ಆ ಗಿಡ್ಡೆಳೆಯನ್ನು ಗರಗಸ ಕತ್ತರಿಸಿ ಹಾಕುತ್ತಿತ್ತು. ಹೀಗಾಗಿ ಒಂದೇ ಊರಲ್ಲಿ ಒಂದು ಹತ್ತಿಗೆ ಗರಗಸ, ಇನ್ನೊಂದಕ್ಕೆ ಕಾಲ ಸರಳು ಅನ್ನುವ ಹಾಗಾಯಿತು.

ಗರಗಸದ ಹಲ್ಲು ಸವೆಯುತ್ತದೆ. ಸವೆದ ಹಲ್ಲು ಕಾಳನ್ನು ಒಡೆಯುತ್ತದೆ, ಅರಳೆಯನ್ನು ಹರಿಯುತ್ತದೆ. ಹಳ್ಳಿಯ ಬಡಿಗ, ಕಮ್ಮಾರರಿಗೆ ಅಮೆರಿಕದ ಗರಗಸ ರಿಪೇರಿ ಮಾಡುವುದು ಹೊಸದು. ಹಾಗಾಗಿ ಸರ್ಕಾರವೇ ಧಾರವಾಡದಲ್ಲಿ ಜಿನ್ ಕಾರ್ಖಾನೆ ತೆರೆದು ಹೊಸ ಜಿನ್ ಮಾಡಿಸಬೇಕಾಯಿತು, ಹಳೆಯದನ್ನು ರಿಪೇರಿ ಮಾಡಿಸಬೇಕಾಯಿತು. ಡಾಕ್ಟರ್ ಫೋರ್ಬ್ಸ್ ಎಂಬವರು ಅದರ ಮೇಲ್ವಿಚಾರಕರಾಗಿದ್ದರು. ಆಸ್ಪತ್ರೆಯ ಡಾಕ್ಟರೊಬ್ಬರು ಗರಗಸ ನೋಡಿಕೊಳ್ಳುವ ಕಾಲವದು!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತಿತು. ನಮ್ಮ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಬೆಲೆಯ ಹಿಂದೆಯೇ ಮೋಸವೂ ಬಂತು. ಅರಳೆಗೆ ಕಾಳು, ಮಣ್ಣು, ಕಸ ಬೆರೆಸಿದರು, ಒಳ್ಳೆಯ ಹತ್ತಿಗೆ ಕೀಳು ಹತ್ತಿ ಬೆರೆಸಿದರು. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಯಲು ಒಂದು ಕಾಯ್ದೆಯನ್ನೇ ಮಾಡಿತು. ಆ ಕಾಯ್ದೆ ಕಾಪಾಡಿದ್ದು ಯಾರನ್ನು? ಬೇಲು ಕೊಳ್ಳುವ ವ್ಯಾಪಾರಿಯನ್ನು. ಬಿತ್ತನೆ ಕಾಳಿನ ಕಲಬೆರಕೆಯಿಂದ ರೈತನನ್ನು ಕಾಪಾಡುವ ಮಾತು ಅದರ ಗುರಿಯಲ್ಲಿರಲಿಲ್ಲ.

ಕಾಳಿನ ಕಲಬೆರಕೆ ನಡೆಯುತ್ತಿದ್ದದ್ದು ಜಿನ್ನಿನ ನೆಲದ ಮೇಲೆ. ಬೇಕೆಂದೇ ಮಾಡುತ್ತಿದ್ದರು ಅಂತಲ್ಲ. ಹತ್ತು ಊರಿನ ಹತ್ತಿ ಒಂದೇ ಜಿನ್ನಿಗೆ ಬಂದರೆ ಹತ್ತು ಊರಿನ ಕಾಳು ಒಂದೇ ರಾಶಿಗೆ ಬೀಳುತ್ತದೆ. ರೈತ ವಾಪಸು ಒಯ್ಯುವ ಕಾಳು ಅವನ ಹೊಲದ್ದೇ ಅನ್ನುವ ಖಾತ್ರಿ ಇಲ್ಲ. ಉಗಿ ಯಂತ್ರದ ದೊಡ್ಡ ಜಿನ್ನಿಂಗ್ ಕಾರ್ಖಾನೆಗಳು ಪೇಟೆಗೆ ಬಂದ ಮೇಲೆ ಇದು ಇನ್ನೂ ಹೆಚ್ಚಿತು. ವರ್ಷ ವರ್ಷಕ್ಕೆ ತಳಿ ಬೆರಕೆಯಾಯಿತು. ನಮ್ಮ ತಿಳಿವಳಿಕೆಯಲ್ಲಿ ಈ ಕಥೆಯ ಮೊದಲ ದೊಡ್ಡ ತಿರುವು ಇದು. ಯಂತ್ರ ದೊಡ್ಡದಾಯಿತು, ಮನೆಯಿಂದ ದೂರ ಹೋಯಿತು, ಕಾಳಿನ ಮೇಲಿನ ರೈತನ ಕಣ್ಣು ತಪ್ಪಿತು.

ಒಡೆದ ಕಾಳಿನ ಸಮಸ್ಯೆಗೆ ಉತ್ತರ ಬೇರೊಂದು ಯಂತ್ರದಿಂದ ಬಂತು. ಅಮೆರಿಕದ ಮೆಕಾರ್ಥಿ 1840ರಲ್ಲಿ ಪೇಟೆಂಟ್ ಪಡೆದ ರೂಲರ್ ಜಿನ್ ಅದು. ತೊಗಲು ಸುತ್ತಿದ ರೂಲು ಅರಳೆಯನ್ನು ಎಳೆಯುತ್ತದೆ, ಪಕ್ಕದಲ್ಲಿ ಅಲ್ಲಾಡುವ ಪಟ್ಟಿ ಕಾಳನ್ನು ತಟ್ಟಿ ಬೀಳಿಸುತ್ತದೆ. ಒಂದು ರೀತಿಯಲ್ಲಿ ನಮ್ಮ ಅಜ್ಜಿಯ ಕಾಲ ಸರಳಿನ ಬುದ್ಧಿಯೇ ಕಬ್ಬಿಣದಲ್ಲಿ ಮರಳಿ ಬಂದಂತೆ. ಯಾವ ಜಿನ್ ಯಾವ ಹತ್ತಿಗೆ ಒಳ್ಳೆಯದು ಎಂಬ ಪರೀಕ್ಷೆಗಳ ಮೇಲೆ ಫೋರ್ಬ್ಸ್ ವಾಟ್ಸನ್ ಎಂಬವರು 1879ರಲ್ಲಿ ದೊಡ್ಡ ವರದಿಯನ್ನೇ ಬರೆದರು. ಇಂದಿಗೂ ಭಾರತದ ಜಿನ್ನಿಂಗ್ ಮಿಲ್ಲುಗಳಲ್ಲಿ ಹೆಚ್ಚು ಕಾಣುವುದು ಜೋಡಿ ರೂಲರ್ ಜಿನ್. ಸೀಡ್ಸ್ ಹತ್ತಿಗಂತೂ ರೂಲರ್ ಜಿನ್ನೇ ಒಳ್ಳೆಯದು, ಏಕೆಂದರೆ ಅಲ್ಲಿ ಬೆಲೆ ಇರುವುದು ಅರಳೆಗಲ್ಲ, ಕಾಳಿಗೆ. 100 ಕೆಜಿ ಹತ್ತಿ ಜಿನ್ ಮಾಡಿದರೆ ಸುಮಾರು ಮೂರನೇ ಒಂದು ಪಾಲು ಅರಳೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಕಾಳು.

ಬೆರಕೆಯಾದ ತಳಿಯನ್ನು ಸರಿಪಡಿಸುವ ಕೆಲಸ ಇಪ್ಪತ್ತನೇ ಶತಮಾನದಲ್ಲಿ ಧಾರವಾಡದ ಕೃಷಿ ಕ್ಷೇತ್ರದಲ್ಲಿ ನಡೆಯಿತು. ಜಿ. ಎಲ್. ಕೊಟ್ಟೂರ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಕುಮಟಾ ಹತ್ತಿಯಿಂದ ಅವರು ಬೆಳೆಸಿದ "ಜಯವಂತ" ತಳಿ ಊರೂರಿಗೆ ಹೋಯಿತು. ಅಮೆರಿಕನ್ ಹತ್ತಿಯಲ್ಲಿ ಆರಿಸಿ ತೆಗೆದ "ಗದಗ 1", ಮುಂದೆ ಅದರ ವಂಶದಲ್ಲಿ ಬಂದ "ಲಕ್ಷ್ಮಿ" ಹೆಸರುಗಳನ್ನು ಹಳಬರು ಈಗಲೂ ಹೇಳುತ್ತಾರೆ. ಈ ತಳಿಗಳ ಕಾಳನ್ನು ರೈತ ತಾನೇ ಕೂಡಿಟ್ಟು ಬಿತ್ತಬಹುದಿತ್ತು. ರಾಡಿ ಹಚ್ಚಿ ತಿಕ್ಕುವ ಕೆಲಸ, ಜೊಳ್ಳು ಆರಿಸುವ ಕೆಲಸ ಇನ್ನೂ ಮನೆಯಲ್ಲೇ ಇತ್ತು.

ಅಷ್ಟರಲ್ಲಿ ನಮ್ಮ ಕಡೆ ಬಹಳಷ್ಟು ಬದಲಾಗಿತ್ತು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಂತು. ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ್ದರು. ಗಂಗಾವತಿ ಭತ್ತದ ಕಣಜವಾಯಿತು, ಅದು ಬೇರೆಯದೇ ಕಥೆ. ಹತ್ತಿ ಯಲಬುರ್ಗಾದ ಎರೆಯಲ್ಲಿ, ಕೊಪ್ಪಳ, ಕುಷ್ಟಗಿಯ ಎರೆ ಮಸಾರಿಯಲ್ಲಿ ಉಳಿಯಿತು.

ಎರಡನೆಯ ದೊಡ್ಡ ತಿರುವು 1972. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು "ವರಲಕ್ಷ್ಮಿ" ಹೈಬ್ರಿಡ್ ಬಿಡುಗಡೆ ಮಾಡಿದರು. ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ಮಾಡಿದ, ಹೊಲಕ್ಕೆ ಬಂದ ಮೊದಲ ಹೈಬ್ರಿಡ್ ಅದು. ತಾಯಿ "ಲಕ್ಷ್ಮಿ", ಅಂದರೆ ನಮ್ಮ ಗದಗ 1ರ ಮಗಳು. 1981ರಲ್ಲಿ ಡಿಸಿಎಚ್ 32 ಬಂತು, ಅದರ ಇನ್ನೊಂದು ಹೆಸರು "ಜಯಲಕ್ಷ್ಮಿ". ಎಳೆ ಉದ್ದ, ಇಳುವರಿ ಜಾಸ್ತಿ, ದುಡ್ಡು ಜಾಸ್ತಿ. ಆದರೆ ಹೈಬ್ರಿಡ್ ಕಾಳನ್ನು ಕೂಡಿಟ್ಟು ಬಿತ್ತಿದರೆ ಮುಂದಿನ ವರ್ಷ ಗಿಡಗಳು ತಾಯಿ ಕಡೆ, ತಂದೆ ಕಡೆ, ಎತ್ತಲೂ ಇಲ್ಲದ ಕಡೆ ಹೋಗುತ್ತವೆ. ಪ್ರತಿ ವರ್ಷ ಹೊಸ ಕಾಳು ಕೊಳ್ಳಲೇಬೇಕು. ಬಿತ್ತನೆ ಹತ್ತಿಕಾಳಿಗೆ ಮನೆಯ ಮೊರದ ಕೆಲಸ ಅಲ್ಲಿಗೆ ಮುಗಿಯಿತು. ನಾವು ಹೈಬ್ರಿಡ್ಡನ್ನು ಬೈಯುತ್ತಿಲ್ಲ. ಎಷ್ಟೋ ಮನೆಗಳಿಗೆ ಆರ್‌ಸಿಸಿ ಬಿದ್ದದ್ದು ವರಲಕ್ಷ್ಮಿಯ ದುಡ್ಡಿನಲ್ಲೇ.

ಹೈಬ್ರಿಡ್ ಕಾಳು ಕೈಯಿಂದಲೇ ಹುಟ್ಟಬೇಕು. ಸಾಯಂಕಾಲ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ಕಿತ್ತು ಹಾಕಬೇಕು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಮುಟ್ಟಿಸಬೇಕು. ಇದಕ್ಕೆ ನಮ್ಮಲ್ಲಿ "ಕ್ರಾಸಿಂಗ್" ಅಂತಲೇ ಹೆಸರು. ಒಂದು ಎಕರೆಗೆ ದಿನಾಲೂ ಹಲವು ಕೈ ಬೇಕು, ಅದೂ ತಿಂಗಳುಗಟ್ಟಲೆ. ಮಳೆ ಕಡಿಮೆ, ಕೂಲಿಗೆ ಜನ ಇದ್ದಾರೆ, ಬಾವಿ ಬೋರಿನ ಆಸರೆ ಇದೆ ಅನ್ನುವ ಊರುಗಳಿಗೆ ಕಂಪನಿಗಳು ಬಂದವು. ಹೀಗೆ ಕೊಪ್ಪಳ ಜಿಲ್ಲೆ ಬಿತ್ತನೆ ಬೀಜ ಮಾಡಿಕೊಡುವ ಜಿಲ್ಲೆಯಾಯಿತು. ಈ ಕೆಲಸದಲ್ಲಿ ಶಾಲೆ ಬಿಟ್ಟ ಮಕ್ಕಳ, ಅದರಲ್ಲೂ ಹುಡುಗಿಯರ ಕೈ ಎಷ್ಟು ಸವೆದಿದೆ ಎಂಬುದನ್ನು ದಾವುಲೂರಿ ವೆಂಕಟೇಶ್ವರ್ಲು ಅವರು ವರ್ಷಗಳ ಕಾಲ ಅಧ್ಯಯನ ಮಾಡಿ ಬರೆದಿದ್ದಾರೆ. 2015ರ ಅವರ ವರದಿಯಲ್ಲಿ ಕರ್ನಾಟಕವೂ ಇದೆ. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಈಗ ಚೀಲ ಲಾರಿ ಹತ್ತಿತಲ್ಲ, ಅದರ ಬೆನ್ನು ಹತ್ತೋಣ. ಇಂಥ ಲಾರಿಗಳು ಹೋಗುವ ದೊಡ್ಡ ಸಂಸ್ಕರಣಾ ಘಟಕಗಳು ಹೈದರಾಬಾದ್ ಸುತ್ತ, ಮೇಡ್ಚಲ್ ಕಡೆ ಬಹಳ ಇವೆ. ಅಂದು ಕಂದಾಯ ಹೈದರಾಬಾದಿಗೆ ಹೋಗುತ್ತಿತ್ತು, ಇಂದು ಕಾಳು ಹೋಗುತ್ತದೆ ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡುತ್ತಾರೆ.

ಅಲ್ಲಿ ಮೊದಲ ಕೆಲಸ ನವಿರು ಸುಡುವುದು. ಅದಕ್ಕೆ ಗಂಧಕಾಮ್ಲ ಬಳಸುತ್ತಾರೆ. ಸಣ್ಣ ಪ್ರಮಾಣದಲ್ಲಿ ಮಾಡುವಾಗ ಕೃಷಿ ವಿಶ್ವವಿದ್ಯಾಲಯಗಳು ಹೇಳುವ ಲೆಕ್ಕ ಹೀಗಿದೆ: 1 ಕೆಜಿ ಕಾಳಿಗೆ ಸುಮಾರು 100 ಮಿಲಿ ಆಸಿಡ್, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 2ರಿಂದ 3 ನಿಮಿಷ ಕಲಕಬೇಕು. ಕಾಳು ಕಾಫಿ ಬಣ್ಣಕ್ಕೆ ತಿರುಗಿದ ಕೂಡಲೇ ನಾಲ್ಕೈದು ಸಲ ನೀರಿನಲ್ಲಿ ತೊಳೆಯಬೇಕು, ಉಳಿದ ಆಸಿಡ್ ಸಾಯಲು ಸುಣ್ಣದ ನೀರಿನಲ್ಲಿ ಅದ್ದಬೇಕು. ಒಂದು ನಿಮಿಷ ಹೆಚ್ಚಾದರೆ ಕಾಳಿನ ಜೀವಕ್ಕೇ ಕುತ್ತು. ನಮ್ಮ ಓದುಗರಿಗೆ ಒಂದು ಮಾತು: ಇದನ್ನು ಓದಿ ಮನೆಯಲ್ಲಿ ಮಾಡಲು ಹೋಗಬೇಡಿ. ಆ ಆಸಿಡ್ ಕೈ, ಕಣ್ಣು ಸುಡುತ್ತದೆ, ತೊಳೆದ ನೀರು ಬಿದ್ದ ನೆಲವನ್ನೂ ಕೆಡಿಸುತ್ತದೆ.

ತೊಳೆಯುವಾಗಲೇ ಮೊದಲ ಆಯ್ಕೆ ಆಗುತ್ತದೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ನವಿರು ಹೋದ ಮೇಲೆ ಹತ್ತಿಕಾಳು ಕರ್ರಗೆ, ನುಣ್ಣಗೆ, ಬಿಡಿಬಿಡಿ. ಹಿಂದೆ ಸಗಣಿ ರಾಡಿ ಮಾಡುತ್ತಿದ್ದ ಕೆಲಸವನ್ನು ಈಗ ಆಸಿಡ್ ಮಾಡಿತು. ಇನ್ನೊಂದು ಲಾಭವೂ ಇದೆ. ಗುಲಾಬಿ ಕಾಯಿಕೊರಕದ ಹುಳ ಎರಡು ಕಾಳನ್ನು ಜೋಡಿಸಿಕೊಂಡು ಅದರೊಳಗೆ ತಿಂಗಳುಗಟ್ಟಲೆ ಮಲಗಿರುತ್ತದೆ. ನವಿರು ಹೋದರೆ ಅಂಥ ಜೋಡಿ ಕಾಳು ಅಡಗಿರಲಾರದು.

ಒಣಗಿದ ಮೇಲೆ ಗಾಳಿ ಜರಡಿ ಯಂತ್ರ. ಫ್ಯಾನು ಹೊಟ್ಟು, ಧೂಳು ಹಾರಿಸುತ್ತದೆ, ಅದು ನಮ್ಮ ತೂರುವ ಕೆಲಸ. ಮೇಲಿನ ಜರಡಿ ದೊಡ್ಡ ಕಸ ತಡೆಯುತ್ತದೆ, ಕೆಳಗಿನದು ಚೂರು, ಸಣ್ಣ ಕಾಳು ಉದುರಿಸುತ್ತದೆ, ಅದು ಸಾಣಿಸುವ ಕೆಲಸ. ಕೊನೆಗೆ ಬರುವುದು ಕೇರುವ ಯಂತ್ರ. ಘಟಕದವರು ಅದನ್ನು "ಗ್ರ್ಯಾವಿಟಿ" ಎಂದಷ್ಟೇ ಕರೆಯುತ್ತಾರೆ.

ನೋಡಲು ಅದೊಂದು ಓರೆ ಮಂಚ. ಮೇಲ್ಮೈ ಸಣ್ಣ ತೂತಿನ ಜಾಲರಿ. ಉದ್ದಕ್ಕೂ ಓರೆ, ಅಡ್ಡಕ್ಕೂ ಓರೆ. ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ, ಮಂಚ ಒಂದೇ ಸಮನೆ ಅದುರುತ್ತದೆ. ಕಾಳು ಸುರಿದರೆ ಗಾಳಿಗೆ ಸ್ವಲ್ಪ ಎದ್ದು ಪದರಾಗುತ್ತದೆ. ಭಾರದ ಕಾಳು ಕೆಳಗಿಳಿದು ಜಾಲರಿಗೆ ತಾಗುತ್ತದೆ, ಹಗುರ ಕಾಳು ಮೇಲೆ ತೇಲುತ್ತದೆ. ಇನ್ನು ಮುಂದಿನದು ಮೊದಲ ಸಲ ನೋಡುವವರಿಗೆ ಅಚ್ಚರಿ. ಜಾಲರಿಗೆ ತಾಗಿದ ಭಾರದ ಕಾಳನ್ನು ಅದುರು ಏರಿನ ಕಡೆ ತಳ್ಳಿ ತಳ್ಳಿ ಒಯ್ಯುತ್ತದೆ. ತೇಲುವ ಜೊಳ್ಳು ಇಳಿಜಾರಿಗೆ ಹರಿದು ಹೋಗುತ್ತದೆ. ಅಂದರೆ ಗಟ್ಟಿ ಕಾಳು ಮೇಲೇರುತ್ತದೆ, ಜೊಳ್ಳು ಕೆಳಗಿಳಿಯುತ್ತದೆ. ಮೊರದಲ್ಲಿ ಗಟ್ಟಿ ಕಾಳು ಅವ್ವನ ಕೈ ಕಡೆ ನಿಲ್ಲುತ್ತಿತ್ತಲ್ಲ, ಲೆಕ್ಕ ಅದೇ.

ಮಂಚದ ಅಂಚಿನಲ್ಲಿ ಸಾಲಾಗಿ ಬಾಯಿಗಳು. ಒಂದು ತುದಿಯಲ್ಲಿ ಗಟ್ಟಿ ಕಾಳು, ಇನ್ನೊಂದು ತುದಿಯಲ್ಲಿ ಜೊಳ್ಳು, ನಡುವೆ ಎರಡೂ ಬೆರೆತದ್ದು. ನಡುವಿನದನ್ನು ಮತ್ತೆ ಯಂತ್ರಕ್ಕೆ ಹಾಕುವುದು ರೂಢಿ. ಎಲ್ಲಿಗೆ ಗಟ್ಟಿ ಮುಗಿದು ಎಲ್ಲಿಂದ ಜೊಳ್ಳು ಶುರು ಅನ್ನುವ ಗೆರೆಯನ್ನು ಯಂತ್ರ ಹಾಕುವುದಿಲ್ಲ. ನಡೆಸುವವರು ಹಾಕುತ್ತಾರೆ. ಅವರ ಕೈಯಲ್ಲಿ ಐದು ಹಿಡಿತಗಳಿವೆ: ಕಾಳು ಬೀಳುವ ವೇಗ, ಗಾಳಿಯ ಜೋರು, ಉದ್ದದ ಓರೆ, ಅಡ್ಡದ ಓರೆ, ಅದುರುವ ವೇಗ. ಗಾಳಿ ಸ್ವಲ್ಪ ಹೆಚ್ಚಾದರೆ ಒಳ್ಳೆಯ ಕಾಳೂ ತೇಲಿ ಇಳಿಜಾರಿಗೆ ಬರುತ್ತದೆ. ಕಡಿಮೆಯಾದರೆ ಜೊಳ್ಳೂ ಏರು ಹತ್ತುತ್ತದೆ. ಅದಕ್ಕಿಂತ ಮುಂಚೆ ಜರಡಿಯಲ್ಲಿ ಗಾತ್ರ ಸರಿ ಮಾಡದಿದ್ದರೆ ದೊಡ್ಡ ಜೊಳ್ಳು, ಸಣ್ಣ ಗಟ್ಟಿ ಕಾಳು ಎರಡೂ ಒಂದೇ ಬಾಯಿಗೆ ಬೀಳುತ್ತವೆ.

ಆ ಬಾಯಿಯ ಅಡ್ಡ ಹಲಗೆ ಒಂದು ಗೇಣು ಈಚೆ ಆಚೆ ಸರಿದರೆ ರೈತನ ಲೆಕ್ಕದಲ್ಲಿ ಎಷ್ಟೋ ಕೆಜಿ ಆಚೆ ಈಚೆ ಆಗುತ್ತದೆ. ಹಾಗೆ ಸರಿಸಿ ಮೋಸ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಕಂಪನಿಗೂ ಅದರದೇ ಭಯ ಇದೆ, ಪ್ಯಾಕೆಟ್ಟಿನಲ್ಲಿ ಜೊಳ್ಳು ಹೋದರೆ ಕೊಳ್ಳುವ ರೈತ ಸುಮ್ಮನಿರುವುದಿಲ್ಲ. ಬೀಜದ ಪ್ರಮಾಣೀಕರಣ ನಿಯಮದಲ್ಲಿ ಹತ್ತಿಕಾಳು 98% ಶುದ್ಧವಿರಬೇಕು, ತೇವ 10% ದಾಟಬಾರದು, ಹೈಬ್ರಿಡ್ ಆದರೆ 90% ತಳಿ ಶುದ್ಧತೆ ಬೇಕು. ತಳಿ ನೋಡಲು ಮಾದರಿ ಕಾಳನ್ನು ಹೊಲದಲ್ಲಿ ಬಿತ್ತಿ, ಗಿಡ ಬೆಳೆಸಿ ಲೆಕ್ಕ ಹಾಕುತ್ತಾರೆ. ಅದಕ್ಕೆ "ಜಿಓಟಿ" ಎನ್ನುತ್ತಾರೆ. ಜಿನ್ನಿಂಗ್ ಮಿಲ್ಲಿನವರೂ "ಜಿಓಟಿ" ಎನ್ನುತ್ತಾರೆ, ಆದರೆ ಅವರದು 100 ಕೆಜಿಗೆ ಎಷ್ಟು ಅರಳೆ ಬಂತು ಅನ್ನುವ ಲೆಕ್ಕ. ಈ ಎರಡು ಜಿಓಟಿ ಕೇಳಿ ತಲೆ ಕೆರೆದುಕೊಂಡವರಲ್ಲಿ ನಾವೂ ಇದ್ದೇವೆ.

1966ರ ಬೀಜ ಕಾಯ್ದೆ ಪ್ಯಾಕೆಟ್ ಕೊಳ್ಳುವ ರೈತನಿಗೆ ಬರೆದದ್ದು. ಅದರ ಬೆಲೆಯನ್ನೂ ಈಗ ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಬಿಟಿ 2 ಪ್ಯಾಕೆಟ್ಟಿಗೆ 2016ರಲ್ಲಿ 800 ರೂಪಾಯಿ, 2024ರಲ್ಲಿ 864 ರೂಪಾಯಿ. ಆದರೆ ಆ ಪ್ಯಾಕೆಟ್ಟಿನ ಕಾಳನ್ನು ಹುಟ್ಟಿಸಿದ ರೈತನಿಗೆ ಕೆಜಿಗೆ ಎಷ್ಟು, ರಿಜೆಕ್ಟಿಗೆ ಎಷ್ಟು ಕಡಿತ ಎಂಬುದು ಕಂಪನಿ, ಆರ್ಗನೈಸರ್, ರೈತ ಇವರ ನಡುವಿನ ಒಪ್ಪಂದ. ಎಷ್ಟೋ ಕಡೆ ಬಾಯಿಮಾತಿನ ಒಪ್ಪಂದ. ಸರ್ಕಾರದ ಪ್ರಮಾಣೀಕೃತ ಬೀಜವಾದರೆ ಸಂಸ್ಕರಣೆಯ ಹಂತದಲ್ಲಿ ಪ್ರಮಾಣನ ಸಂಸ್ಥೆಯವರ ಕಣ್ಣಿರುತ್ತದೆ. ಖಾಸಗಿ ಹೈಬ್ರಿಡ್ ಹೆಚ್ಚಾಗಿ ಕಂಪನಿಯದೇ ಲೇಬಲ್ ಮೇಲೆ ಮಾರಾಟವಾಗುತ್ತದೆ, ಅಲ್ಲಿ ಮೂರನೆಯವರ ಕಣ್ಣಿಲ್ಲ. 1863ರ ಕಾಯ್ದೆ ಬೇಲು ಕೊಳ್ಳುವವನನ್ನು ನೋಡಿತು, 1966ರದು ಪ್ಯಾಕೆಟ್ ಕೊಳ್ಳುವವನನ್ನು ನೋಡಿತು. ಕಾಳು ಬೆಳೆದು ಕಳಿಸಿದವನು ಎರಡು ಸಲವೂ ಬಾಗಿಲ ಹೊರಗೇ ನಿಂತ.

ನಮಗೆ ಗೊತ್ತಿರುವ ಒಂದು ಊರಲ್ಲಿ ಒಬ್ಬ ಬೆಳೆಗಾರರ ಕಾಳು ಒಂದು ವರ್ಷ ಬಹಳ ರಿಜೆಕ್ಟ್ ಆಯಿತು. ಕಾರಣ ಕೇಳಿದರೆ "ಮೊಳಕೆ ಇಲ್ಲ" ಅಂದರು. ರಿಜೆಕ್ಟ್ ಆದ ಕಾಳು ವಾಪಸು ಕೊಡಿ ಅಂದರೆ ಅದೂ ಬರಲಿಲ್ಲ. ಮುಂಗಡ ತಂದ ಸಾಲ ಹಾಗೇ ನಿಂತಿತು. ಅವರ ತಪ್ಪೂ ಇದ್ದಿರಬಹುದು. ಮಳೆಗೆ ನೆಂದ ಹತ್ತಿ ಬಿಡಿಸಿದರೆ, ಹಸಿ ಹತ್ತಿ ಗುಡ್ಡೆ ಹಾಕಿದರೆ ಕಾಳಿನ ಮೊಳಕೆ ಹೋಗುತ್ತದೆ. ಜಿನ್ನಿನಲ್ಲಿ ಒಡೆದಿರಲೂಬಹುದು. ತಪ್ಪು ಎಲ್ಲಾಯಿತು ಎಂದು ತೋರಿಸಲು ಅವರ ಹತ್ತಿರ ಒಂದು ಹಿಡಿ ಕಾಳೂ ಉಳಿದಿರಲಿಲ್ಲ.

ಅಂದಿನಿಂದ ಅವರ ಮನೆಯಲ್ಲೊಂದು ರೂಢಿಯಾಗಿದೆ. ಜಿನ್ನಿನಿಂದ ಬಂದ ಕಾಳನ್ನು ಚೀಲ ಹೊಲಿಯುವ ಮುಂಚೆ ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಕೂಡಿಸುತ್ತಾರೆ. ಅರ್ಧವನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ತೂಕ, ತಾರೀಖು ಬರೆದು, ಆರ್ಗನೈಸರ್ ಸಹಿ ಹಾಕಿಸಿ ಒಣ ಜಾಗದಲ್ಲಿ ಇಡುತ್ತಾರೆ. ಇನ್ನರ್ಧದಲ್ಲಿ 100 ಕಾಳು ಎಣಿಸಿ, ಒದ್ದೆ ಗೋಣಿಚೀಲದ ಮೇಲೆ ಹತ್ತು ಹತ್ತರ ಸಾಲಿಟ್ಟು, ಸುರುಳಿ ಸುತ್ತಿ ಹಟ್ಟಿಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ದಿನಾ ನೀರು ಚಿಮುಕಿಸುವುದು ಮನೆಯ ಹಿರಿಯಳ ಕೆಲಸ. ನಾವು ಹೋದ ದಿನ ಆ ಅಜ್ಜಿ ಸುರುಳಿ ಬಿಚ್ಚಿ ಬೆರಳಿನಿಂದ ಎಣಿಸುತ್ತಿದ್ದರು. ಎಂಬತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. "ತಮ್ಮಾ, ನೀ ಸಾಲಿ ಕಲಿತವ ಅದೀ, ನೀ ಎಣಿಸು" ಎಂದು ಗೋಣಿಯನ್ನು ನಮ್ಮ ಕಡೆ ಸರಿಸಿದರು. ಎಂಬತ್ತಮೂರು ಮೊಳಕೆ ಇದ್ದವು. ಮಗ ಅದನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡರು, ಲಾರಿ ಮರುದಿನ ಬರುವುದಿತ್ತು.